ಕೂತ ಕೆಲಸಕ್ಕ ಎಂಥಾ ದಣಿವು?

ಈ ಮಾತು ಬ್ಯಾರೆ ಯಾರೋ ಅಂದದ್ದಲ್ರಿ, ನಾನೇ ಅಂದದ್ದು. ಅದೂ ನಮ್ಮ ಸೊಸಿಗೆ, ಮಾರಿ ಮುಂದ. ಹೋದ ಶ್ರಾವಣದಾಗ ಒಂದ ದಿವಸ ರಾತ್ರಿ ಒಂಬತ್ತಕ್ಕ ಅಕಿ ಮೀಟಿಂಗ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿಟ್ಟು, ಕುತಿಗಿ ಹಿಂದ ಕೈ ಇಟ್ಕೊಂಡು ಪಡಸಾಲಿಗೆ ಬಂದ್ಲು. "ಅತ್ಯಾ, ಇವತ್ತ ಭಾಳ ಸಾಕಾಗೇದ" ಅಂದ್ಲು. ನಾನು ಮೆಂತ್ಯಾ ಸೊಪ್ಪು ಸೋಸಕೋತ ಟೀವಿ ನೋಡಕೋತ ಕೂತಿದ್ದೆ. ತಲಿ ಸೈತ ಎತ್ತಲಿಲ್ಲ. "ಕೂತ ಕೆಲಸಕ್ಕ ಎಂಥಾ ದಣಿವವಾ?" ಅಂದೆ. ಅಕಿ ಏನೂ ಅನ್ನಲಿಲ್ಲ. ಒಳಗ ಹೋಗಿ ಹಾಲಿಗೆ ಹೆಪ್ಪು ಹಾಕಿ, ಮರುದಿವಸಕ್ಕ ಹೆಸರುಕಾಳು ನೆನಿ ಇಟ್ಟು ಮಲಕೊಂಡ್ಲು.

ಮೂವತ್ತ ವರ್ಷ ಕೂತ ಕೆಲಸಾನ ಮಾಡಿ ರಿಟೈರ್ ಆದಾಕಿ ನಾನು. ಆ ಮಾತು ನನ್ನ ಬಾಯಾಗ ಹೆಂಗ ಬಂತೋ ಏನೋ. ನನಗ ಹಂಗ ಅಂದವರು ಭಾಳ ಮಂದಿ ಇದ್ರು, ಅವರದನ್ನ ಕಲತಿದ್ದೆ ಅಂತ ಕಾಣಸ್ತದ.

ಅದಾಗಿ ಹದಿನೈದ ದಿವಸಕ್ಕ ಒಂದ ರಾತ್ರಿ ನನಗ ಎಚ್ಚರ ಆತು. ಮೂರರ ಸುಮಾರು ಇರಬೇಕು. ಬಾಜು ಖೋಲಿಯಿಂದ ಬಳಿ ಸಪ್ಪಳ. ಝಣ ಝಣ ಅಂತು, ಸುಮ್ನ ಆತು, ಮತ್ತ ಝಣ ಝಣ. ಥರ್ಮಾಮೀಟರ್ ಝಾಡಿಸ್ತಾರಲ್ಲ, ಹಂಗ ಯಾರೋ ಕೈ ಝಾಡಿಸಿದ ಸಪ್ಪಳ. ನನ್ನ ಎದಿ ಧಸಕ್ ಅಂತು. ಇಪ್ಪತ್ತ ವರ್ಷದ ಹಿಂದ ಇದ ಮನಿಯೊಳಗ, ಇದ ಹೊತ್ತಿನಾಗ, ನನ್ನ ಬಳಿ ಹಂಗ ಸಪ್ಪಳ ಮಾಡ್ತಿದ್ವು.

ಅಷ್ಟೊತ್ತಿಗೆ ಅಕೀನ ನೀರು ಕುಡೀಲಿಕ್ಕೆ ಹೊರಗ ಬಂದ್ಲು. ನಾನು ದೀಪಾ ಹಚ್ಚಿ ಕೇಳಿದೆ: "ಕೈ ಜೋಮು ಹಿಡೀತದೇನವಾ?"

"ಹೂಂ ಅತ್ಯಾ. ಎರಡ ತಿಂಗಳಾತು."

"ಕಿರಿಬಳ್ಳಿಗೂ ಹಿಡೀತದೇನು?"

ಅಕಿ ವಿಚಾರ ಮಾಡಿ ಅಂದ್ಲು, "ಇಲ್ಲ. ಅದೊಂದ ಬಿಟ್ಟು. ನಿಮಗ ಹೆಂಗ ಗೊತ್ತಾತು?"

ಹೆಂಗ ಗೊತ್ತಾತು ಅಂತ ಹೇಳಬೇಕಂದ್ರ ನನ್ನ ಕಥಿ ಸ್ವಲ್ಪ ಹೇಳಬೇಕಾಗ್ತದ. ನಾನು ನೌಕರಿಗೆ ಸೇರಿದ್ದು ಟೈಪಿಸ್ಟ್ ಅಂತ. ಟೈಪ್‌ರೈಟರ್ ಇಡೋ ಟೇಬಲ್ ನೆನಪದ ಏನ್ರಿ? ಸಣ್ಣದು, ಗಿಡ್ಡದು. ಬಾಜು ಕ್ಲರ್ಕ್ ಮಂದಿ ಬರಿಯೋ ಟೇಬಲ್ಲಿಗಿಂತ ಮೂರ್ನಾಲ್ಕ ಇಂಚು ಕೆಳಗ. ಅದನ್ನ ಸುಮ್ನ ಗಿಡ್ಡ ಮಾಡಿರತಿದ್ದಿಲ್ಲ. ಕೀಲಿ ಮ್ಯಾಲೆ ಕೈ ಇಟ್ಟಾಗ ಭುಜಾ ಏರಬಾರದು, ಮೊಣಕೈ ಸಮ ಇರಬೇಕು ಅಂತ ಯಾರೋ ಶಾಣ್ಯಾರು ಲೆಕ್ಕಾ ಹಾಕಿ ಮಾಡಿದ್ದು. 1996ರಾಗ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕ ಬ್ಯಾರೆ ಖೋಲಿ, ಎಸಿ, ಕಿಡಕಿಗೆ ಪರದೆ. ನಾವು ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಬೇಕು, ದೇವರ ಮನಿಗೆ ಹೋಧಂಗ. ಸಂಜಿಗೆ ಅದಕ್ಕ ಹೊದಿಕಿ ಹೊಚ್ಚಿ ಬರಬೇಕು. ಕಂಪ್ಯೂಟರಿಗೆ ಧೂಳು ಹತ್ತಬಾರದು, ಸೆಕಿ ಆಗಬಾರದು, ಅದರ ಮುಂದ ಕೂಡೋಕಿ ಕೈ ಏನಾಗ್ತಾವ ಅಂತ ಕೇಳಿದವರು ಒಬ್ಬರೂ ಇಲ್ಲ. ಗಿಡ್ಡ ಟೇಬಲ್ಲು ಗೋಡೌನಿಗೆ ಹೋತು. ಈ ಮಹಾರಾಯ ಬಂದು ಎತ್ತರದ ಟೇಬಲ್ ಮ್ಯಾಲೆ ಕೂತ. ನಾ ನೋಡಿದ್ರ ಐದ ಫೂಟಿನಾಕಿ. ಭುಜಾ ಎತ್ತಿ, ಮಣಿಕಟ್ಟು ಟೇಬಲ್ಲಿನ ಅಂಚಿಗೆ ಒತ್ತಿ ಹನ್ನೆರಡ ವರ್ಷ ಬಡದೆ.

ಜೋಮು ಶುರು ಆದಾಗ ಎಲ್ಲಾರೂ ಒಂದೊಂದು ಹೇಳಿದ್ರು. ಒಬ್ಬರು ವಾಯು ಅಂದ್ರು. ಒಬ್ಬರು ರಕ್ತ ಕಡಿಮಿ ಅದ ಅಂದ್ರು. ನಮ್ಮ ಅತ್ತಿಯವರಂತೂ "ಬಾಣಂತನದಾಗ ಥಂಡಿ ನೀರಾಗ ಕೈ ಇಟ್ಟಿದ್ದಿ, ಈಗ ಅನುಭವಿಸು" ಅಂತ ಒಂದ ಮಾತಿನಾಗ ಮುಗಿಸಿಬಿಟ್ರು. ಎಳ್ಳೆಣ್ಣಿ ತಿಕ್ಕಿದೆ, ಶಕ್ತಿ ಗುಳಿಗಿ ನುಂಗಿದೆ, ರಾತ್ರಿ ಕೈ ಝಾಡಿಸಕೋತ ಕೂತೆ. ಝಾಡಿಸಿದ್ರ ಕಡಿಮಿ ಆಗ್ತಿತ್ತು, ಅದಕ್ಕ ಡಾಕ್ಟರ್ ಕಡೆ ಯಾಕ ಹೋಗೋದು ಅಂತ ಬಿಟ್ಟೆ. 2008ರಾಗ ಹೋದಾಗ ಡಾಕ್ಟರು ನನ್ನ ಎರಡೂ ಅಂಗೈ ಬಾಜುಬಾಜು ಹಿಡದು ತೋರಿಸಿದ್ರು. ಬಲಗೈ ಹೆಬ್ಬಟ್ಟಿನ ಬುಡಕ ಉಬ್ಬಿದ ಮಾಂಸ ಇರ್ತದಲ್ಲ, ಅದು ಇಳದು ಸಪಾಟ ಆಗಿತ್ತು. ನಾನ ದಿನಾ ನೋಡೋ ಕೈ, ನನಗ ಕಂಡಿದ್ದಿಲ್ಲ.

ಆಪರೇಶನ್ ಆತು. ಆ ಜಾಗಾ ಅಷ್ಟ ಬಧಿರ ಮಾಡಿ ಅರ್ಧಾ ತಾಸಿನಾಗ ಮುಗಿಸಿದ್ರು. ಜೋಮು ಹೋತು. ಆದ್ರ ಹೋದ ಮಾಂಸ ಹೊಳ್ಳಿ ಬರಲಿಲ್ಲ, ಚಿಮಟಿ ಹಿಡಿಯೋ ಶಕ್ತಿ ಪೂರಾ ಬರಲಿಲ್ಲ. ರಂಗೋಲಿ ಹಿಡಿಯೋದು ಹೆಬ್ಬಟ್ಟು, ತೋರಬಳ್ಳು, ನಡುಬಳ್ಳಿನಾಗ ಅಲ್ಲೇನ್ರಿ, ಸರೀ ಆ ಮೂರ ಬಳ್ಳಿಗೆ ಹೋಗೋ ನರಾ ಅದು. ನನ್ನ ಬಾಗಲದಾಗಿನ ರಂಗೋಲಿ ಎಳಿ ಹದಿನೈದ ವರ್ಷದಿಂದ ದಪ್ಪ ಬೀಳ್ತದ. ಈ ಓಣಿಯೊಳಗ ನೀವು ಯಾರೂ ನನಗದನ್ನ ಅಂದಿಲ್ಲ, ಆದ್ರ ನೋಡೇ ನೋಡೀರಿ.

ಅದಕ್ಕ ಬೆಳಗಾಗೂದ ತಡ, ಸೊಸೀನ್ನ ಕರಕೊಂಡು ಹೋದೆ. ಈಗಿನ ಡಾಕ್ಟರ್ ಮೇಡಮ್ಮು ಭಾಳ ಛಲೋ ತಿಳಿಸಿ ಹೇಳಿದ್ರು, ನನಗ ಆವಾಗ ಯಾರೂ ಇಷ್ಟು ಹೇಳಿದ್ದಿಲ್ಲ. ಮಣಿಕಟ್ಟಿನೊಳಗ ಒಂದ ಸಣ್ಣ ಸುರಂಗ ಅದ ಅಂತ ತಿಳ್ಕೋರಿ. ಪರಕಾರಕ್ಕ ಲಾಡಿ ಹಾಕೋ ಪಟ್ಟಿ ಇರ್ತದಲ್ಲ, ಹಂಗ. ಬಳ್ಳು ಮಡಚೋ ಒಂಬತ್ತ ಸ್ನಾಯುದಾರ, ಜೋಡೀಗೆ ಒಂದ ನರಾ, ಎಲ್ಲಾ ಅದರೊಳಗಿಂದನ ಹೋಗಬೇಕು. ಒಳಗ ಸ್ವಲ್ಪ ಬಾವು ಬಂದ್ರೂ ಇಕ್ಕಟ್ಟಾಗಿ ನರಾ ಅಮಕ್ತದ. ಮಣಿಕಟ್ಟು ಮ್ಯಾಲೆ ಬಾಗಿದ್ರೂ, ಕೆಳಗ ಬಾಗಿದ್ರೂ ಇನ್ನಷ್ಟು ಇಕ್ಕಟ್ಟು. ರಾತ್ರಿ ನಿದ್ದಿಯೊಳಗ ನಾವು ಕೈ ಮಡಚಿ ಮಲಗ್ತೀವಿ, ಅದಕ್ಕ ರಾತ್ರೀನ ಹೆಚ್ಚು. ಕಿರಿಬಳ್ಳಿನ ನರಾ ಬ್ಯಾರೆ ಹಾದೀಲೆ ಬರ್ತದ, ಅದಕ್ಕ ಅದು ಆರಾಮ ಇರ್ತದ. ಕಿರಿಬಳ್ಳಿಗೇ ಜೋಮು ಬಂದ್ರ ಮೊಣಕೈಯಾಗ ಹುಡುಕಬೇಕಂತ. ಮೊಣಕೈ ಊರಿ ತಾಸಗಟ್ಲೆ ಕೂಡೋರಿಗೆ ಹಂಗ ಆಗ್ತದ.

ನಾನು ಕಂಪ್ಯೂಟರಿಗೆ ನಾಕ ಮಾತು ಬೈದೆ. ಮೇಡಮ್ಮು ನಕ್ಕು, ಅದೊಂದನ್ನ ಬೈಬ್ಯಾಡ್ರಿ ಅಂದ್ರು. ಈ ತ್ರಾಸು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಕ್ಕರಿ ರೋಗ ಇದ್ರ, ಥೈರಾಯ್ಡ್ ಇದ್ರ, ಬಸಿರಿದ್ದಾಗ, ಮೈತೂಕ ಏರಿದಾಗ ಬರ್ತದ. ಹಂಗಂತ ರಕ್ತ ತಪಾಸಿ ಮಾಡಿಸಿದ್ರು. ನಮ್ಮಕಿದು ಥೈರಾಯ್ಡ್ ಸ್ವಲ್ಪ ಏರುಪೇರು ಇತ್ತು, ಅದಕ್ಕೂ ಗುಳಿಗಿ ಶುರು ಆತು. ರಾತ್ರಿಗೆ ಮಣಿಕಟ್ಟು ಸೀದಾ ಇಡೋ ಒಂದ ಪಟ್ಟಿ ಕೊಟ್ರು. ಮಲಗೋ ಮುಂದ ಕಟ್ಟಿಕೊಳ್ಳೋದು, ಮುಂಜಾನೆ ಬಿಚ್ಚೋದು. ಲಗೂ ಬಂದೀರಿ, ಆಪರೇಶನ್ ತನಕ ಹೋಗೋದು ಬ್ಯಾಡ ಅಂದ್ರು. ಎದ್ದು ಬರೋ ಮುಂದ ಒಂದ ಮಾತು ಕೇಳಿದ್ರು ನೋಡ್ರಿ: "ಇವರು ಕೆಲಸ ಮಾಡೋ ಟೇಬಲ್ ಎಷ್ಟ ಎತ್ತರ ಅದ?"

ನಾನು ಸೊಸಿ ಮಾರಿ ನೋಡಿದೆ, ಅಕಿ ನನ್ನ ಮಾರಿ ನೋಡಿದ್ಲು. ಟೇಬಲ್ ಎಲ್ಲಿಂದು?

2020ರ ಮಾರ್ಚಿನಾಗ ಲಾಕ್‌ಡೌನ್ ಆದಾಗ ಇಬ್ಬರೂ ಬೆಂಗಳೂರಿಂದ ಒಂದೊಂದು ಲ್ಯಾಪ್‌ಟಾಪ್ ಹೊತಗೊಂಡು ಧಾರವಾಡಕ್ಕ ಬಂದ್ರು. ಜಾಗಾ ಹಂಚಿದಾಕಿ ನಾನು. ಮಗಗ ಮಾವನವರ ಖೋಲಿ ಕೊಟ್ಟೆ. ಕಿಡಕಿ, ಟೇಬಲ್ಲು, ಗಾಲಿ ಕುರ್ಚಿ, ಬಾಗಲಾ ಹಾಕ್ಕೊಂಡ್ರ ಒಳಗಿನ ಸಪ್ಪಳ ಕೇಳೂದಿಲ್ಲ. ಸೊಸಿಗೆ? "ನೀ ಎಲ್ಲೆರೆ ಕೂಡವಾ" ಅಂದೆ. ಅಕಿ ಮೊದಲ ಮಂಚದ ಮ್ಯಾಲೆ ತೊಡಿ ಮ್ಯಾಲೆ ತಲಿದಿಂಬು, ಅದರ ಮ್ಯಾಲೆ ಲ್ಯಾಪ್‌ಟಾಪ್ ಇಟ್ಕೊಂಡ್ಲು. ಆಮ್ಯಾಲೆ ಇಸ್ತ್ರಿ ಟೇಬಲ್. ಆಮ್ಯಾಲೆ ಊಟದ ಟೇಬಲ್. ಅಲ್ಲೆ ಕೂತ್ರ ಒಲಿ ಮ್ಯಾಲಿನ ಹಾಲೂ ನೋಡಬಹುದು, ಬಾಗಲಕ್ಕ ಕಾಯಿಪಲ್ಲೆದಾಕಿ ಬಂದ್ರ ಏಳಲಿಕ್ಕೂ ಬರ್ತದ ಅಂತ ನನಗೂ ಅನುಕೂಲ ಆತು. ಇಬ್ಬರದೂ ಅಂಥಾದ ಕೆಲಸ, ಪಗಾರಾನೂ ಹೆಚ್ಚುಕಡಿಮಿ ಅಷ್ಟ. ನಾಲ್ಕ ವರ್ಷದಾಗ ಒಂದ ದಿವಸಾನೂ ಇದು ನನಗ ಸೊಟ್ಟ ಕಾಣಲಿಲ್ಲ. ಮಗಗೂ ಕಾಣಲಿಲ್ಲ. ಅಂವಗ ನಾ ಬೈಯೂದಿಲ್ಲ, ಹಂಗ ಬೆಳಿಸಿದಾಕಿ ನಾನ ಅಲ್ಲೇನು.

ಮನಿಗೆ ಬಂದು ಟೇಪು ತಗೊಂಡೆ. ನೋಡ್ರಿ, ಒಂದ ಜಂಪರ್ ಹೊಲಸಬೇಕಂದ್ರ ನಾವು ಎಷ್ಟ ಅಳತಿ ಕೊಡ್ತೀವಿ. ತೋಳಿಂದು ಬ್ಯಾರೆ, ಕುತಿಗಿದು ಬ್ಯಾರೆ, ಅರ್ಧಾ ಇಂಚು ಬಿಗಿ ಆದ್ರ ದರ್ಜಿ ಮ್ಯಾಲೆ ಜಗಳಕ್ಕ ಹೋಗ್ತೀವಿ. ಎರಡ ತಾಸು ಮುಂಜವಿಗೆ ಉಡೋ ಜಂಪರಿಗೆ ಅಳತಿ, ಒಂಬತ್ತ ತಾಸು ಕೂಡೋ ಜಾಗಾಕ್ಕ ಇಲ್ಲ. ಅಕೀನ್ನ ಕುರ್ಚಿ ಮ್ಯಾಲೆ ಕೂಡಿಸಿದೆ. ಕುರ್ಚಿ ಎತ್ತರ 18 ಇಂಚು, ಅಕಿ ಹಿಂಬಡ ನೆಲಕ್ಕ ಹತ್ತವಲ್ದು. ಗಿಡ್ಡ ಸ್ಟೂಲಿನ ಮ್ಯಾಲೆ ಕೂಡಿಸಿ, ಪಾದ ಸಪಾಟ ನೆಲಕ್ಕ ಊರಿಸಿ, ಭುಜಾ ಸಡಲ ಬಿಡಿಸಿ, ಮೊಣಕೈ ಮಡಚಿಸಿ ನೆಲದಿಂದ ಮೊಣಕೈತನಕ ಅಳದೆ. 25 ಇಂಚು ಬಂತು. ಊಟದ ಟೇಬಲ್ಲು 30. ಅಂದ್ರ ದಿನಾ ಐದ ಇಂಚು ಭುಜಾ ಮ್ಯಾಲೆತ್ತಿ ಹಿಡದಾಳ, ಕಾಲು ತೂಗಬಿಟ್ಟಾಳ. ಅಂಗಡಿಯೊಳಗ ಸಿಗೋ ಟೇಬಲ್ ಕುರ್ಚಿ ನಮ್ಮಂಥಾ ಐದ ಫೂಟಿನ ಹೆಂಗಸರ ಅಳತಿಗೆ ಮಾಡಿದ್ದಲ್ರಿ. ನಿಮ್ಮ ಮನಿಯೊಳಗೂ ಅಳದು ನೋಡ್ರಿ.

ಮಗಂದು ಸಾಲಿ ಕಾಲದ್ದೊಂದು ಅಭ್ಯಾಸದ ಟೇಬಲ್ ಅಟ್ಟದ ಮ್ಯಾಲಿತ್ತು. ಬಡಿಗ್ಯಾನ್ನ ಕರಸಿ ಅದರ ಕಾಲು ಕೊಯ್ಯಪಾ ಅಂದೆ. ಅಂವಾ ನಕ್ಕ. ಟೇಬಲ್ಲಿಗೆ ಕಾಲು ಹಚ್ಚಸೋರನ್ನ ನೋಡೀನಿ, ಕಡಸೋರನ್ನ ನೋಡಿದ್ದಿಲ್ಲ ಅಂದ. ಎರಡನೂರು ರೂಪಾಯಿ ತಗೊಂಡು, ಕೀಬೋರ್ಡಿನ ದಪ್ಪಾನೂ ಲೆಕ್ಕಾ ಹಿಡದು, 24 ಇಂಚಿಗೆ ತಂದು ಕೊಟ್ಟ. ಕುರ್ಚಿ ಮಗಂದ. ಕೆಳಗ ಮ್ಯಾಲೆ ಆಗೋ ಗಾಲಿ ಕುರ್ಚಿ ಅದು, ಅಂವಾ ಎತ್ತರದಾಂವಾ, ಊಟದ ಟೇಬಲ್ಲಿನ ಕುರ್ಚಿ ಅಂವಗ ಸರೀ ಆಗ್ತದ. ಕಾಲು ಕಡಸಲಿಕ್ಕೆ ಬರದಿದ್ರ ಇನ್ನೊಂದು ಉಪಾಯ ಅದ: ಕುರ್ಚಿ ಮ್ಯಾಲೆ ಗಟ್ಟಿ ಗಾದಿ ಹಾಕಿ ಏರಿ ಕೂಡೋದು, ಕಾಲ ಬುಡಕ ಊಟದ ಮಣಿ ಇಟ್ಕೊಳ್ಳೋದು. ಖರ್ಚು ಏನೂ ಇಲ್ಲ.

ಇನ್ನ ಲ್ಯಾಪ್‌ಟಾಪ್. ಅದರ ಹುಟ್ಟಾ ದೋಷ ಏನಂದ್ರ ನೋಡೋದೂ ಬಡಿಯೋದೂ ಒಂದಕ್ಕೊಂದು ಅಂಟಿಕೊಂಡಾವ. ಕೈಗೆ ಸರೀ ಇಟ್ರ ಕುತಿಗಿ ಬಾಗ್ತದ, ಕುತಿಗಿಗೆ ಸರೀ ಇಟ್ರ ಕೈ ಏರ್ತಾವ. ಮನಷ್ಯಾನ ತಲಿ ನಾಲ್ಕೂವರಿ ಐದ ಕಿಲೋ ಇರ್ತದಂತ. ತುಂಬಿದ ಕೊಡಾ ಟೊಂಕಕ್ಕ ಆನಿಸಿದ್ರ ಎಷ್ಟ ಹಗರ, ಅದನ್ನ ಕೈ ಚಾಚಿ ಹಿಡದ್ರ ಎಷ್ಟ ಭಾರ ಅಂತ ನಿಮಗ ಹೇಳಬೇಕಿಲ್ಲ. ಸೀದಾ ಕೂತ್ರ ತಲಿ ಟೊಂಕದ ಮ್ಯಾಲಿನ ಕೊಡಾ, ಬಾಗಿದ್ರ ಕೈಯಾಗಿನ ಕೊಡಾ. ಅದಕ್ಕ ಬ್ಯಾರೆ ಕೀಬೋರ್ಡು, ಬ್ಯಾರೆ ಮೌಸು ತಂದ್ವಿ, ಸಾವಿರ ರೂಪಾಯಿ ಒಳಗ ಬಂದ್ವು. ಲ್ಯಾಪ್‌ಟಾಪ್ ಎತ್ತರ ಇಡಲಿಕ್ಕೆ ಏನ ಮಾಡೋದು ಅಂತ ಹುಡುಕೋ ಮುಂದ ಅಟ್ಟದ ಮ್ಯಾಲೆ ನಮ್ಮ ಮಾವನವರ ಲೆಕ್ಕಾ ಬರಿಯೋ ಡೆಸ್ಕು ಸಿಕ್ತು. ಹಳೀ ಮಂದಿ ನೆಲದ ಮ್ಯಾಲೆ ಗಾದಿ ಹಾಕ್ಕೊಂಡು ಮುಂದ ಇಟ್ಕೋತಿದ್ರಲ್ಲ, ಇಳಿಜಾರಿಂದು, ಕೆಳಗ ಪೆನ್ನು ಜಾರಬಾರದಂತ ಅಂಚಿರೋದು. ಟೇಬಲ್ ಮ್ಯಾಲೆ ಅದನ್ನಿಟ್ಟು ಲ್ಯಾಪ್‌ಟಾಪ್ ಆನಿಸಿದ್ರ ಪರದೆ ಮ್ಯಾಲಿನ ಅಂಚು ಸರೀ ಅಕಿ ಕಣ್ಣಿನ ಮಟ್ಟಕ್ಕ ಬಂತು. ಮಾವನವರು ಅದನ್ನ ಯಾರಿಗೂ ಮುಟ್ಟಗೊಡ್ತಿದ್ದಿಲ್ಲ. ಈಗ ಮೊಮ್ಮಗನ ಹೆಂಡತಿ ಅದರ ಮ್ಯಾಲೆ ಅಮೇರಿಕಾದ ಲೆಕ್ಕಾ ಬರೀತಾಳ.

ನಿಮ್ಮೊಳಗ ಪ್ರೋಗ್ರೆಸಿವ್ ಚಷ್ಮಾದವರು ಇದ್ರ ಇದನ್ನ ನಕಲು ಮಾಡಬ್ಯಾಡ್ರಿ. ನಮಗ ಹತ್ತರದ್ದು ಕಾಣೋದು ಚಷ್ಮಾದ ಕೆಳಗಿನ ಅರ್ಧದಾಗ. ಪರದೆ ಎತ್ತರ ಆದ್ರ ಗದ್ದಾ ಮ್ಯಾಲೆತ್ತಿ ನೋಡ್ತೀವಿ, ಕುತಿಗಿ ಹಿಂದ ಹಿಡೀತದ. ನಮ್ಮಂಥಾವರಿಗೆ ಸ್ವಲ್ಪ ಕೆಳಗನ ಇರಬೇಕು.

ಕಣ್ಣಿನ ಮಾತು ಬಂತಂತ ಹೇಳ್ತೀನಿ. ಎದುರು ಮನಿ ವೈನಿ ಮಗಳಿಗೆ ನೀಲಿ ಬೆಳಕು ತಡಿಯೋ ಚಷ್ಮಾ ಅಂತ ಎರಡ ಸಾವಿರ ಕೊಟ್ಟು ಮಾಡಿಸ್ಯಾರ. ಕಣ್ಣು ದಣಿಯೂದು ಅದರಿಂದ ಕಡಿಮಿ ಆಗೋದು ಕಾಣಸೂದಿಲ್ಲ ಅಂತ 2023ರಾಗ ಕಾಕ್ರೇನ್ ಸಂಸ್ಥಾದವರು ಹಿಂದಿನ ಪರೀಕ್ಷಾ ಎಲ್ಲಾ ಕೂಡಿಸಿ ನೋಡಿ ಹೇಳ್ಯಾರ. ಕಂಪ್ಯೂಟರ್ ನೋಡಿದ್ರ ಕಣ್ಣು ಹೋಗ್ತಾವ ಅನ್ನೋದೂ ಹೆದರಿಸೋ ಮಾತು. ಆಗೋದು ಏನಂದ್ರ, ಪರದೆ ನೋಡೋ ಮುಂದ ರೆಪ್ಪಿ ಬಡಿಯೋದು ಅರ್ಧಕ್ಕಿಂತ ಕಡಿಮಿ ಆಗ್ತದ, ಕಣ್ಣು ಒಣಗಿ ಉರೀತಾವ. ಫ್ಯಾನಿನ ಗಾಳಿ ನೆಟ್ಟಗ ಮಾರಿಗೆ ಬಡೀತಿದ್ರ ಇನ್ನೂ ಹೆಚ್ಚು. ಇಪ್ಪತ್ತ ನಿಮಿಷಕ್ಕೊಮ್ಮೆ ಇಪ್ಪತ್ತ ಫೂಟು ದೂರಿಂದು ಇಪ್ಪತ್ತ ಸೆಕೆಂಡ್ ನೋಡು ಅಂತ ಕಣ್ಣಿನ ಡಾಕ್ಟರು ಹೇಳ್ತಾರಲ್ಲ, ಅದಕ್ಕ ರೊಕ್ಕಾ ಬೀಳೂದಿಲ್ಲ. ನಮ್ಮಕಿ ಟೇಬಲ್ಲು ಈಗ ಕಿಡಕಿ ಬಾಜು ಅದ, ವೈನಿಯವರ ಪೇರಲ ಗಿಡಾ ಕಾಣಸ್ತದ. ಗಿಳಿ ಬಂದಾಗ ಇಪ್ಪತ್ತ ಸೆಕೆಂಡ್ ಎರಡ ನಿಮಿಷ ಆಗ್ತದ, ಆಗಲಿ.

ಏಳೋದರ ಬಗ್ಗೆ ಒಂದ ಮಾತು. ಎಷ್ಟ ಛಲೋ ಕುರ್ಚಿ ಇದ್ರೂ ತಾಸಿಗೊಮ್ಮೆ ಏಳದಿದ್ರ ಅದು ವ್ಯರ್ಥ. ಇವರದೊಂದು ದಿನಾ ಮುಂಜಾನೆ ಸ್ಟ್ಯಾಂಡ್ ಅಪ್ ಮೀಟಿಂಗ್ ಅಂತ ಇರ್ತದ್ರಿ. ಹೆಸರು ಸ್ಟ್ಯಾಂಡ್ ಅಪ್, ಎಲ್ಲಾರೂ ಕೂತಿರ್ತಾರ! ನಾ ಅಂದೆ, ನೀ ಒಬ್ಬಾಕಿರೆ ನಿಂತು ಮಾಡು ಅಂತ. ಮತ್ತ ಇದನ್ನ ಹೆಂಗಸರ ಹೆಂಗಸರ ನಡುವ ಹೇಳ್ತೀನಿ, ಮೀಟಿಂಗಿನ ನಡುವ ಏಳಬೇಕಾಗ್ತದಂತ ಹುಡಿಗ್ಯಾರು ನೀರ ಕುಡಿಯೂದಿಲ್ಲ. ಒಂದಕ್ಕ ಬಂದ್ರೂ ತಡಕೊಂಡು ಕೂಡ್ತಾರ. ನಾನೂ ಹಂಗ ಮಾಡಿದಾಕಿ, ಆಫೀಸಿನ ಸಂಡಾಸ ಹೋಗೋಹಂಗ ಇರ್ತಿದ್ದಿಲ್ಲ. ಉರಿಮೂತ್ರ ಆಗಿ ಜ್ವರ ಬಂದು ಮಲಗಿದ್ದು ಎರಡ ಸಲ. ಮನಿಯೊಳಗ ಕೂತೂ ಆ ತ್ರಾಸು ಬರಬೇಕೇನು? ಟೇಬಲ್ ಮ್ಯಾಲೆ ತಾಮ್ರದ ತಂಬಿಗಿ ಇಟ್ಟೀನಿ. ಮಧ್ಯಾಹ್ನಕ್ಕ ಅದು ತುಂಬೇ ಇದ್ರ ನಾ ಕೆಮ್ಮತೀನಿ.

ಈಗ ನನ್ನ ಖರೇ ತಕರಾರಿಗೆ ಬರ್ತೀನಿ. ನೆಗೆಣ್ಣಿ ಬಂದಾಗ ಇದೆಲ್ಲಾ ನೋಡಿ, "ನಾವು ಬೀಸಿದ್ವಿ, ಕುಟ್ಟಿದ್ವಿ, ನಮಗೇನಾತು?" ಅಂದ್ಲು. ಏನಾತು ಅಂದ್ರ, ನಮ್ಮವ್ವಂದು ಬೆನ್ನು ಬಾಗಿತ್ತು, ನಾವು ವಯಸ್ಸಾತು ಅಂದ್ವಿ. ನಮ್ಮ ಅತ್ತಿಯವರ ಕೈಬಳ್ಳು ಸೊಟ್ಟ ಆಗಿದ್ವು, ನಾವು ವಾಯು ಅಂದ್ವಿ. ಆಗಿಲ್ಲ ಅಂತಲ್ಲ, ಕೇಳಿಲ್ಲ ನಾವು. ಮತ್ತ ಅವರ ಕೆಲಸ ಒಂದ ಥರಾ ಇರ್ತಿದ್ದಿಲ್ಲ. ಬೀಸಿದ್ರ ಎದ್ದು ನೀರಿಗೆ ಹೋಗ್ತಿದ್ರು, ನೀರು ತಂದು ಕೂತು ಹೆಚ್ಚತಿದ್ರು. ಇವರದು ಒಂಬತ್ತ ತಾಸು ಕದಲದ ಮೈ, ಕದಲೋದು ಹತ್ತ ಬಳ್ಳು ಅಷ್ಟ. ಅದರ ಮ್ಯಾಲೆ ತಲಿಯೊಳಗಿನ ಕಾವು ಬ್ಯಾರೆ. ಇದು ಕಂಪ್ಯೂಟರ್ ಹುಟ್ಟಿಸಿದ್ದೂ ಅಲ್ಲ. ಇಟಲಿದೇಶದ ರಾಮಾಝಿನಿ ಅನ್ನೋ ವೈದ್ಯ 300 ವರ್ಷದ ಹಿಂದನ ಬರಿಯೋ ಗುಮಾಸ್ತರ ಬ್ಯಾನಿಗೆ ಮೂರ ಕಾರಣ ಬರದಿಟ್ಟಾನ: ಕೂತ ಕೂಡೋದು, ಒಂದ ಥರಾ ಕೈ ಆಡಿಸೋದು, ತಪ್ಪಾಗಬಾರದಂತ ಮನಸ್ಸು ಬಿಗಿ ಹಿಡಿಯೋದು. ಟಾಕು ಹಿಡದವರಿಗೆ ಆಗಿದ್ದ ಇವರಿಗೂ ಆಗ್ತದ.

ಇನ್ನ ನಮ್ಮ ಮನಿ ಹೆಣಮಕ್ಕಳಿಗೆ ನಾಲ್ಕನೇದೊಂದು ಕಾರಣ ಅದ, ಅದನ್ನ ಯಾವ ವೈದ್ಯನೂ ಬರದಿಲ್ಲ. ಮಗ ಲ್ಯಾಪ್‌ಟಾಪ್ ಮುಚ್ಚಿದ್ರ ಅಂವನ ಕೈ ಖಾಲಿ. ಸೊಸಿ ಮುಚ್ಚಿದ್ರ ಅದ ಕೈ ಕಣಕ ನಾದಲಿಕ್ಕೆ ಹೋಗ್ತದ, ಲಟ್ಟಣಿಗಿ ಹಿಡೀತದ, ರೊಟ್ಟಿ ಬಡೀತದ, ಅರಿವಿ ಹಿಂಡತದ. ಎಲ್ಲಾದರಾಗೂ ಅದ ಮಣಿಕಟ್ಟು. "ತಾಸಿಗೊಮ್ಮೆ ಏಳ್ರಿ, ವಿಶ್ರಾಂತಿ ತಗೋರಿ" ಅಂತ ಡಾಕ್ಟರು ಹೇಳೋದು ಗಂಡಸರಿಗೆ ಸರೀ ಹೋಗ್ತದ. ಅಕಿ ಎದ್ದ ಕೂಡ್ಲೆ ನಾವು "ಹೆಂಗೂ ಎದ್ದಿ, ಕುಕ್ಕರ್ ಇಟ್ಟಬಿಡು" ಅಂತೀವಿ. ನಾನ ದಿನಕ್ಕ ನಾಕ ಸಲ ಅಂದೀನಿ. ಟೇಬಲ್ ಕಾಲು ಕಡಸೋದು ಹಗರ ಕೆಲಸ ಅದಾವ್ರಿ, ಈ ಮಾತು ಕಡಸೋದು ಕಠಿಣ.

ಅದಕ್ಕ ನಮ್ಮ ಮನಿಯೊಳಗ ಎರಡ ಬದಲಾವಣಿ ಮಾಡೇನಿ, ಇವನ್ನ ನೀವು ಕಂಪೌಂಡಿನ ಮ್ಯಾಲಿಂದ ನೋಡಿ ಮಾತಾಡಕೊಂಡೀರಿ ಅಂತ ನನಗ ಗೊತ್ತದ, ಆದ್ರೂ ಹೇಳ್ತೀನಿ. ರೊಟ್ಟಿ ಹೊರಗಿಂದ ತರ್ತೀವಿ. ಬಡದು ಮಾರಿ ಸಂಸಾರ ನಡಸೋ ಹೆಣಮಕ್ಕಳು ನಮ್ಮೂರಾಗ ಬೇಕಾದಷ್ಟು ಇದ್ದಾರ, ಅವರ ಕೈಗೂ ದಣಿವಾಗ್ತದ, ಆದ್ರ ಅವರಿಗೆ ಅದಕ್ಕ ರೊಕ್ಕಾನರೆ ಸಿಗ್ತದ. ಎರಡನೇದ್ದು, ಚಪಾತಿ ಕಣಕ ಮಗ ನಾದ್ತಾನ. ಮೊದಲ ವಾರ ಅದು ಅಂಟಿನ ಮುದ್ದಿ ಆಗಿತ್ತು. ಈಗ ನಾದೋದು ಬಂದದ, ಲಟ್ಟಿಸೋದು ಇನ್ನೂ ಬಂದಿಲ್ಲ, ಒಂದೊಂದು ಚಪಾತಿ ಒಂದೊಂದು ರಾಜ್ಯದ ನಕಾಶೆ ಆಗ್ತದ. ನಮ್ಮವರು ಬಾಯಿ ಮುಚ್ಚಿಕೊಂಡು ತಿಂತಾರ.

ಸೊಸಿ ಕೈ ಹೆಂಗದ ಅಂತ ಕೇಳ್ತೀರಿ. ಪಟ್ಟಿ ಕಟ್ಟಿ ಎರಡ ತಿಂಗಳಿಗೆ ರಾತ್ರಿ ಜೋಮು ನಿಂತದ. ಪೂರಾ ಹೋತೋ ಇಲ್ಲೋ ಡಾಕ್ಟರ್ ನೋಡೇ ಹೇಳಬೇಕು, ಥೈರಾಯ್ಡಿಂದು ಮತ್ತ ತಪಾಸಿ ಮಾಡಸೋದದ. ಹೆಬ್ಬಟ್ಟಿನ ಬುಡ ಗುಂಡಗ ಅದ, ನಾ ವಾರಕ್ಕೊಮ್ಮೆ ಹಿಡದು ನೋಡ್ತೀನಿ, ಅಕಿ ನಗ್ತಾಳ. ದಸರಾದಾಗ ನಮ್ಮ ಬಾಗಲದಾಗ ಕಂಡ ರಂಗೋಲಿ ಅಕಿದು.

ನಿಮ್ಮ ಮನಿಯೊಳಗ ಯಾರರೆ ರಾತ್ರಿ ಕೈ ಝಾಡಿಸ್ತಿದ್ರ, ಜೋಮು ಒಂದ ತಿಂಗಳಾದ್ರೂ ಹೋಗವಲ್ದಂದ್ರ, ಅಥವಾ ಹಿಡದ ವಾಟಗಾ ಕೈಯಾಗಿಂದ ಜಾರ್ತಿದ್ರ, ಎಣ್ಣಿ ತಿಕ್ಕಕೋತ ಕೂಡಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ. ಟೇಬಲ್ ಅಳೀಲಿಕ್ಕೆ ಟೇಪು ನನ್ನ ಕಡೆ ಅದ, ಬೇಕಾದವರು ಒಯ್ಯರಿ. ಹೊಳ್ಳಿ ತಂದ ಕೊಡ್ರಿ ಮಾತ್ರ, ಹೋದ ಸಲ ಮೂಲಿ ಮನಿಗೆ ಹೋದ ಕತ್ತರಿ ಇನ್ನೂ ಬಂದಿಲ್ಲ.